ಶೇಂಗಾ ಚಟ್ನಿಪುಡಿಗೆ ಯಾವ ಪ್ಯಾಕೆಟ್? ಕುತೂಹಲದಿಂದ ಶುರು ಮಾಡಿ, ಲೆಕ್ಕ ನೋಡಿ ನಿರ್ಧರಿಸಿ

ಬೆಂಗಳೂರಿನ ಕಿರಾಣಿ ಅಂಗಡಿಗಳಲ್ಲಿ ದೋಸೆ ಹಿಟ್ಟು ಮೊದಲು ಹೇಗೆ ಸಿಗುತ್ತಿತ್ತು ಅಂತ ನೆನಪಿದೆಯಾ? ತೆಳು ಪ್ಲಾಸ್ಟಿಕ್ ಕವರು, ಬಾಯಿಗೊಂದು ರಬ್ಬರ್ ಬ್ಯಾಂಡು. ಯಾರು ರುಬ್ಬಿದ್ದು, ಯಾವಾಗ ರುಬ್ಬಿದ್ದು, ಯಾವ ನೀರು ಹಾಕಿದ್ದು, ಒಂದೂ ಗೊತ್ತಿಲ್ಲ. ಸಾವಿರಾರು ಜನ ಅದನ್ನು ಕೊಂಡರು, ಗೊಣಗಿಕೊಂಡೇ ದೋಸೆ ಹುಯ್ದರು. ಪಿ.ಸಿ. ಮುಸ್ತಫಾ ಮತ್ತು ಅವರ ಸೋದರಸಂಬಂಧಿಗಳು ಮಾತ್ರ ಆ ಕವರನ್ನು ನೋಡಿ, ಇದನ್ನೇ ಸರಿಯಾಗಿ ಮಾಡಿ ಕೊಟ್ಟರೆ ಹೇಗೆ ಅಂತ ಯೋಚಿಸಿದರು. 2005ರಲ್ಲಿ ಅವರ ಹಿಟ್ಟಿನ ಕಂಪನಿ ಐಡಿ ಫ್ರೆಶ್ ಶುರುವಾಯಿತು.

ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ. ನನಗೆ ಇದರ ಮುಂದಿನ ಭಾಗ ಜಾಸ್ತಿ ಇಷ್ಟ. ಅವರು ಕೂಡಲೇ ದೊಡ್ಡ ಫ್ಯಾಕ್ಟರಿ ಹಾಕಲಿಲ್ಲ. ಮೊದಲು 20 ಅಂಗಡಿ ಹಿಡಿದರು. ದಿನಕ್ಕೆ 100 ಪ್ಯಾಕೆಟ್ ಹೋಗುತ್ತಾ ನೋಡೋಣ, ಆಮೇಲೆ ಮುಂದಿನ ಮಾತು ಅಂದುಕೊಂಡರು. ಆ ನೂರು ಮುಟ್ಟೋಕೆ ಒಂಬತ್ತು ತಿಂಗಳು ಹಿಡಿಯಿತು. ಅಂಗಡಿಯಲ್ಲಿ ಕಣ್ಣಿಗೆ ಬಿದ್ದ ಕವರು ಕುತೂಹಲ ಹುಟ್ಟಿಸಿತು. ದುಡ್ಡು ಹಾಕಬೇಕೋ ಬೇಡವೋ ಅಂತ ಹೇಳಿದ್ದು ನೂರು ಪ್ಯಾಕೆಟ್ಟಿನ ಲೆಕ್ಕ.

ಸಣ್ಣ ಬ್ರ್ಯಾಂಡ್ ನಡೆಸುವವರು ಈ ಎರಡನ್ನೂ ಸಮೀಕ್ಷೆ ಮಾಡುವ ಏಜೆನ್ಸಿಗೆ ದುಡ್ಡು ಸುರಿಯದೆ ಹೇಗೆ ಮಾಡಬಹುದು ಅನ್ನೋದು ಈ ಲೇಖನದ ವಿಷಯ. ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಧಾರವಾಡದ ಕಡೆಯ ಒಂದು ಮಹಿಳಾ ಸಂಘ ಶೇಂಗಾ ಚಟ್ನಿಪುಡಿ ಮಾಡುತ್ತೆ. 200 ಗ್ರಾಂ ಪೌಚ್, ಬೆಲೆ 120 ರೂಪಾಯಿ. ಊರಲ್ಲಿ ಒಳ್ಳೆ ಹೆಸರಿದೆ, ಈಗ ಬೆಂಗಳೂರಿಗೆ ಬರಬೇಕು ಅಂತ ಆಸೆ. ಈ ಸಂಘ ನನ್ನ ಕಲ್ಪನೆಯದು, ಅದರ ಲೆಕ್ಕಗಳೂ ಅಷ್ಟೇ. ನೀವು ಸೋಪು ಮಾಡುವವರಾದರೂ, ಕುರ್ತಾ ಹೊಲಿಯುವವರಾದರೂ ಹೆಜ್ಜೆಗಳು ಇವೇ.

ಹೆಜ್ಜೆ 1: ಅಂಗಡಿ ಮುಂದೆ ಸುಮ್ನೆ ನಿಲ್ಲಿ

ನಿಮ್ಮ ಮಾಲು ಇಡುವ ಅಂಗಡಿಗೆ ಸಂಜೆ ಆರರ ಹೊತ್ತಿಗೆ ಹೋಗಿ. ಅಂಗಡಿಯವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಅನುಮಾನ ಪಡ್ತಾರೆ. ಒಂದು ಗಂಟೆ ನಿಂತು ನೋಡಿ. ಮಾರೋಕೆ ಹೋಗಬೇಡಿ, ನಿಮ್ಮ ಪ್ಯಾಕೆಟ್ ಎತ್ತಿ ತೋರಿಸಬೇಡಿ.

ನೋಡಬೇಕಾದ್ದು ಸಣ್ಣ ಸಣ್ಣ ಸಂಗತಿ. ಗಿರಾಕಿ ಹೆಸರು ಹೇಳಿ ಕೇಳ್ತಾರಾ, ಇಲ್ಲ 'ಯಾವುದಾದ್ರೂ ಚಟ್ನಿಪುಡಿ ಕೊಡಿ' ಅಂತಾರಾ? ಅಂಗಡಿಯವರ ಕೈ ಮೊದಲು ಯಾವ ಪ್ಯಾಕೆಟ್ ಕಡೆ ಹೋಗುತ್ತೆ? ಕೈಗೆ ಬಂದ ಪ್ಯಾಕೆಟ್ಟನ್ನು ಗಿರಾಕಿ ಏನು ಮಾಡ್ತಾರೆ? ಚಟ್ನಿಪುಡಿ ಆದರೆ ಬಹಳ ಜನ ಬೆರಳಿಂದ ಒತ್ತಿ ನೋಡ್ತಾರೆ, ಗಂಟು ಕಟ್ಟಿದೆಯಾ ಅಂತ. ಆಮೇಲೆ ತಿರುಗಿಸಿ ತಾರೀಖು ಹುಡುಕ್ತಾರೆ. ಶೇಂಗಾ ಎಣ್ಣೆ ಬಿಟ್ಟು ಪೌಚಿನ ಅಂಚು ಜಿಡ್ಡಾಗಿದ್ದರೆ ಹಿಂದಕ್ಕೆ ಇಟ್ಟುಬಿಡ್ತಾರೆ. ಒಳಗಿನ ಪುಡಿ ನೆಟ್ಟಗಿರಬಹುದು. ಜಿಡ್ಡು ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡ ಮೇಲೆ ಅದನ್ನು ಯಾರೂ ಕೊಳ್ಳಲ್ಲ.

ಅಂಗಡಿಯಲ್ಲಿ ಅರ್ಧ ಮಾತ್ರ ಗೊತ್ತಾಗುತ್ತೆ. ಉಳಿದರ್ಧ ಅಡುಗೆಮನೆಯಲ್ಲಿ. ನಾಲ್ಕಾರು ಪರಿಚಯದ ಮನೆಗಳಲ್ಲಿ ಚಟ್ನಿಪುಡಿ ಎಲ್ಲಿಡ್ತಾರೆ ಅಂತ ನೋಡಿ. ಪೌಚ್ ಮನೆಗೆ ಬಂದ ದಿನವೇ ಕತ್ತರಿ ಬೀಳುತ್ತೆ. ಪುಡಿ ಸ್ಟೀಲ್ ಡಬ್ಬಿಗೋ ಹಳೇ ಹಾರ್ಲಿಕ್ಸ್ ಬಾಟಲಿಗೋ ಹೋಗುತ್ತೆ, ಪೌಚ್ ಕಸಕ್ಕೆ. ಮುಂದಿನ ಮೂರು ವಾರ ಮನೆಯವರು ದಿನಾ ನಿಮ್ಮ ಪುಡಿ ತಿಂತಾರೆ, ನಿಮ್ಮ ಹೆಸರನ್ನು ಮಾತ್ರ ಒಂದು ಸಲವೂ ನೋಡಲ್ಲ. ಖಾಲಿಯಾದಾಗ ಯಾವ ಕಂಪನಿದು ಅಂತ ನೆನಪಾಗದೆ 'ಹೋದ ಸಲ ತಂದಿದ್ದಲ್ಲ, ಕೆಂಪು ಪ್ಯಾಕೆಟ್ಟು, ಅದು' ಅಂತಾರೆ. ಲೋಗೋಗೆ ಐವತ್ತು ಸಾವಿರ ಖರ್ಚು ಮಾಡುವ ಮೊದಲು ಇದನ್ನೊಮ್ಮೆ ನೋಡಿದ್ದರೆ ಒಳ್ಳೇದಲ್ವಾ?

ನೋಡಿದ್ದನ್ನು ಅಲ್ಲೇ ಬರೆದುಕೊಳ್ಳಿ. ಪುಸ್ತಕದಲ್ಲಿ ಎರಡು ಕಾಲಂ ಹಾಕಿ. ಎಡಕ್ಕೆ ಕಣ್ಣಾರೆ ಕಂಡಿದ್ದು, ಬಲಕ್ಕೆ ನಿಮಗೆ ಅನಿಸಿದ್ದು. 'ಐದು ಜನರಲ್ಲಿ ಮೂವರು ತಾರೀಖು ನೋಡಿದರು' ಎಡಕ್ಕೆ ಹೋಗುತ್ತೆ. 'ಜನಕ್ಕೆ ತಾಜಾ ಬೇಕು' ಬಲಕ್ಕೆ ಹೋಗುತ್ತೆ. ಇವೆರಡನ್ನೂ ಬೆರೆಸಿ ಬರೆದರೆ ಒಂದು ತಿಂಗಳಾದ ಮೇಲೆ ಯಾವುದು ಕಂಡಿದ್ದು, ಯಾವುದು ಕಟ್ಟಿಕೊಂಡಿದ್ದು ಅಂತ ನಿಮಗೇ ಗೊತ್ತಾಗಲ್ಲ.

ಹೆಜ್ಜೆ 2: ಕುತೂಹಲವನ್ನು ನಿರ್ಧಾರಕ್ಕೆ ಕಟ್ಟಿ

ಹೀಗೆ ನೋಡುತ್ತಾ ಹೋದರೆ ಇಪ್ಪತ್ತು ಪ್ರಶ್ನೆ ಹುಟ್ಟುತ್ತವೆ. ಎಲ್ಲದಕ್ಕೂ ಉತ್ತರ ಹುಡುಕುತ್ತಾ ಕೂತರೆ ಪುಡಿ ಮಾಡುವವರು ಯಾರು? ಹಾಗಾಗಿ ಪ್ರತಿ ಪ್ರಶ್ನೆಯ ಎದುರು ಒಂದು ವಾಕ್ಯ ಬರೆಯಿರಿ: 'ಉತ್ತರ ಹೀಗೆ ಬಂದರೆ ಇದನ್ನು ಮಾಡ್ತೀವಿ, ಹಾಗೆ ಬಂದರೆ ಅದನ್ನು ಮಾಡ್ತೀವಿ.' ಉತ್ತರ ಏನೇ ಬಂದರೂ ನೀವು ಮಾಡೋದು ಒಂದೇ ಆಗಿದ್ದರೆ ಆ ಪ್ರಶ್ನೆಗೆ ಕಾಟು ಹಾಕಿ. ಅದು ಹರಟೆಗೆ ಚೆಂದ, ಅಷ್ಟೇ.

'ಬೆಂಗಳೂರಿನ ಜನಕ್ಕೆ ಉತ್ತರ ಕರ್ನಾಟಕದ ರುಚಿ ಇಷ್ಟಾನಾ?' ಅನ್ನೋದು ಕೇಳೋಕೆ ದೊಡ್ಡ ಪ್ರಶ್ನೆ. ಇಷ್ಟ ಅಂದರೆ ಏನು ಮಾಡ್ತೀರಿ? ಮಾರ್ತೀರಿ. ಅಷ್ಟಿಲ್ಲ ಅಂದರೆ? ಆಗಲೂ ಮಾರ್ತೀರಿ, ಹೊರಟಾಗಿದೆಯಲ್ಲ. ಇದನ್ನು ಬಿಟ್ಟು ಹೀಗೆ ಕೇಳಿ ನೋಡಿ: 'ಮೊದಲ ಸಲ ಕೊಳ್ಳುವವರು 120 ರೂಪಾಯಿಗೆ ಹಿಂಜರಿಯುತ್ತಾರಾ? ಹಾಗಿದ್ದರೆ 50 ಗ್ರಾಮಿನ 30 ರೂಪಾಯಿ ಪ್ಯಾಕೆಟ್ ಶುರು ಮಾಡ್ತೀವಿ. ಇಲ್ಲದಿದ್ದರೆ ಅದೇ ದುಡ್ಡನ್ನು ಜಿಡ್ಡು ಬಿಡದ ಪೌಚಿಗೆ ಹಾಕ್ತೀವಿ.' ಈಗ ಪ್ರಶ್ನೆಗೆ ಕೆಲಸ ಬಂತು.

ಇದನ್ನು ಮೊದಲೇ ಬರೆದಿಡಿ ಅನ್ನೋಕೆ ಇನ್ನೊಂದು ಕಾರಣ ಇದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಬುದ್ಧಿ ಎಲ್ಲರಿಗೂ ಇರುತ್ತೆ, ಮಾಲೀಕರಿಗೆ ಸ್ವಲ್ಪ ಜಾಸ್ತಿ. ಅಂಕಿ ಕೈಗೆ ಬಂದ ಮೇಲೆ ಗೆರೆ ಎಳೆದರೆ ಅದು ನಮಗೆ ಬೇಕಾದ ಕಡೆಗೇ ಬೀಳುತ್ತೆ.

ಹೆಜ್ಜೆ 3: ಪುಕ್ಕಟೆ ಸಿಗುವ ಮಾಹಿತಿಯನ್ನು ಮೊದಲು ಮುಗಿಸಿ

ಮೊದಲು ನಿಮ್ಮದೇ ಬಿಲ್ಲು ಪುಸ್ತಕ. ಇದರಷ್ಟು ಒಳ್ಳೆ ಮಾಹಿತಿ ಬೇರೆಲ್ಲೂ ಸಿಗಲ್ಲ, ಆದರೂ ಇದನ್ನು ತೆರೆಯುವವರು ಕಡಿಮೆ. ಯಾವ ಅಂಗಡಿಗೆ ಎಷ್ಟು ಹೋಯ್ತು, ಎಷ್ಟು ರಿಟರ್ನ್ ಬಂತು, ಎಷ್ಟು ದಿನಕ್ಕೆ ಮತ್ತೆ ಆರ್ಡರ್ ಬಂತು ಅಂತ ಒಂದು ಹಾಳೆಯಲ್ಲಿ ತೆಗೆಯಿರಿ. ವಾಟ್ಸಾಪ್‌ನಲ್ಲಿ ನೇರವಾಗಿ ತರಿಸಿಕೊಳ್ಳುವವರಿದ್ದರೆ ಎರಡನೇ ಸಲ ಕೇಳಿದವರು ಎಷ್ಟು ಜನ ಅಂತ ಎಣಿಸಿ. ಒಂದು ಸಲ ಕೊಂಡವರು ಪ್ಯಾಕೆಟ್ ನೋಡಿ ಕೊಂಡಿರಬಹುದು, ಪರಿಚಯಕ್ಕೆ ಕೊಂಡಿರಬಹುದು. ಎರಡನೇ ಸಲ ಬರುವವರು ಪುಡಿಗಾಗಿ ಬರ್ತಾರೆ.

ಆಮೇಲೆ ಗೂಗಲ್ ಟ್ರೆಂಡ್ಸ್. 2004ರಿಂದ ಈಚೆಗೆ ಜನ ಏನೇನು ಹುಡುಕಿದ್ದಾರೆ ಅಂತ ಇಲ್ಲಿ ನೋಡಬಹುದು. ಒಮ್ಮೆಗೆ ಐದು ಪದ ಹೋಲಿಸಬಹುದು, ಕರ್ನಾಟಕ ಅಂತ ಆರಿಸಿ ಅದರ ಮಟ್ಟಿಗೆ ನೋಡಬಹುದು. ಒಂದೇ ಎಚ್ಚರ: ಅಲ್ಲಿ ಕಾಣುವ 100 ಅಂದರೆ ನೂರು ಜನ ಅಲ್ಲ, ನೂರು ಸಾವಿರ ಜನವೂ ಅಲ್ಲ. ನೀವು ಆರಿಸಿದ ಅವಧಿಯಲ್ಲಿ ಆ ಹುಡುಕಾಟ ಅತಿ ಹೆಚ್ಚು ಇದ್ದ ಹೊತ್ತಿಗೆ 100 ಅಂತ ಇಟ್ಟು, ಉಳಿದದ್ದನ್ನು ಅದಕ್ಕೆ ಹೋಲಿಸಿ ತೋರಿಸ್ತಾರೆ. ಹುಡುಕುವವರು ಕಡಿಮೆ ಇರುವ ಪದವಾದರೆ ಗೆರೆ ಸುಮ್ಸುಮ್ನೆ ಕುಣಿಯುತ್ತೆ, ಅದನ್ನು ನಂಬಬೇಡಿ. ಇನ್ನು ಒಂದೇ ಪದಾರ್ಥಕ್ಕೆ ನಮ್ಮಲ್ಲಿ ಹತ್ತು ಹೆಸರು. ಶೇಂಗಾ ಚಟ್ನಿ, ಶೇಂಗಾ ಹಿಂಡಿ, ಕಡಲೆಕಾಯಿ ಚಟ್ನಿಪುಡಿ, ಎಲ್ಲವನ್ನೂ ಹಾಕಿ ನೋಡಿ, ಇಂಗ್ಲಿಷ್ ಅಕ್ಷರದಲ್ಲೂ ಹಾಕಿ ನೋಡಿ.

ಮೂರನೆಯದು ಸರ್ಕಾರದ ಸಮೀಕ್ಷೆಗಳು. ಓದೋಕೆ ಒಣ, ಆದರೆ ದೊಡ್ಡ ಚಿತ್ರಕ್ಕೆ ಬೇಕು. 2023-24ರ ಮನೆವೆಚ್ಚದ ಸಮೀಕ್ಷೆಯಲ್ಲಿ ದೇಶದ 2.6 ಲಕ್ಷಕ್ಕೂ ಹೆಚ್ಚು ಮನೆಗಳನ್ನು ಕೇಳಿದ್ದಾರೆ. ಅದರ ಪ್ರಕಾರ ಹಳ್ಳಿಯಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು 4,122 ರೂಪಾಯಿ, ಪೇಟೆಯಲ್ಲಿ 6,996 ರೂಪಾಯಿ. ಪೇಟೆಯವರ ಖರ್ಚಿನಲ್ಲಿ ಸುಮಾರು 11% ಪಾನೀಯ, ಕುರುಕಲು, ತಯಾರಿಸಿದ ತಿನಿಸುಗಳಿಗೆ ಹೋಗುತ್ತೆ. ಲೆಕ್ಕ ಹಾಕಿದರೆ ಒಬ್ಬರಿಗೆ ತಿಂಗಳಿಗೆ 770 ರೂಪಾಯಿ ಆಸುಪಾಸು. ಇದರಲ್ಲಿ ಹೋಟೆಲ್ ತಿಂಡಿ, ಹೊರಗಿನ ಕಾಫಿ, ಬಿಸ್ಕತ್ತು, ಚಿಪ್ಸು ಎಲ್ಲ ಸೇರಿದೆ. ನಿಮ್ಮ 120 ರೂಪಾಯಿ ಪೌಚ್ ಇವುಗಳ ಜೊತೆ ಪೈಪೋಟಿ ಮಾಡಬೇಕು. ಇಡೀ ದೇಶದ ಸರಾಸರಿ ಇದು, ನಿಮ್ಮ ಜಯನಗರದ ಗಿರಾಕಿ ಬೇರೆ ಇರಬಹುದು. ಆದರೂ '120 ಏನು ಮಹಾ' ಅನ್ನುವ ಮೊದಲು ಈ ಅಂಕಿ ಒಮ್ಮೆ ಕಣ್ಣಿಗೆ ಬೀಳಲಿ.

ನಾಲ್ಕನೆಯದನ್ನು ತಿನಿಸಿನ ಬ್ರ್ಯಾಂಡ್‌ನವರು ಹೆಚ್ಚಾಗಿ ಮರೆಯುತ್ತಾರೆ: ಎಪಿಎಂಸಿ ಧಾರಣೆ. ಕರ್ನಾಟಕದ ಮಾರುಕಟ್ಟೆಗಳ ದಿನದ ಬೆಲೆ ಕೃಷಿ ಮಾರಾಟ ವಾಹಿನಿ ಅನ್ನೋ ಸರ್ಕಾರಿ ಜಾಲತಾಣದಲ್ಲಿ ಸಿಗುತ್ತೆ, ದೇಶದ್ದು ಬೇಕಾದರೆ ಆಗ್‌ಮಾರ್ಕ್‌ನೆಟ್ ಜಾಲತಾಣದಲ್ಲಿ. ಇದಕ್ಕೂ ಬ್ರ್ಯಾಂಡಿಗೂ ಏನು ಸಂಬಂಧ ಅಂತೀರಾ? ನಮ್ಮ ಸಂಘದವರು ಪೌಚಿನ ಮುಂಭಾಗಕ್ಕೆ 'ಅಪ್ಪಟ ಬ್ಯಾಡಗಿ ಮೆಣಸಿನಕಾಯಿ' ಅಂತ ಹಾಕಬೇಕು ಅಂದುಕೊಂಡಿದ್ದಾರೆ ಅನ್ನಿ. ಚೆಂದದ ಮಾತು. ಬ್ಯಾಡಗಿಗೆ ಹೆಸರಿದೆ, ಬಣ್ಣ ಇದೆ, 2011ರಿಂದ ಜಿಐ ಟ್ಯಾಗೂ (ಆ ಪ್ರದೇಶದ್ದೇ ಅಂತ ಸಿಗುವ ಗುರುತು) ಇದೆ. ಆದರೆ ಮೆಣಸಿನಕಾಯಿ ಬೆಲೆ ಒಂದು ಕಡೆ ನಿಲ್ಲುವಂಥದ್ದಲ್ಲ. 2024ರ ಮಾರ್ಚ್‌ನಲ್ಲಿ ದರ ಕುಸಿದು ಬ್ಯಾಡಗಿ ಎಪಿಎಂಸಿಯಲ್ಲಿ ರೈತರ ಸಿಟ್ಟು ಬೆಂಕಿ ಹಚ್ಚುವವರೆಗೂ ಹೋಗಿತ್ತು. ಕುಸಿದ ಹಾಗೆ ಏರುವ ವರ್ಷವೂ ಬರುತ್ತೆ. ಆ ವರ್ಷ ಅಗ್ಗದ ಕಾಯಿ ಬೆರೆಸೋಣ ಅನ್ನುವ ಆಸೆ ಬಂದೇ ಬರುತ್ತೆ. ಹಾಗಾಗಿ ಹಿಂದಿನ ಮೂರ್ನಾಲ್ಕು ವರ್ಷದ ಧಾರಣೆ ತೆಗೆದು, ಅದರಲ್ಲಿ ಅತಿ ಹೆಚ್ಚಿನ ದರಕ್ಕೆ ಲೆಕ್ಕ ಹಾಕಿ ನೋಡಿ. ಆ ದರದಲ್ಲೂ 120ಕ್ಕೆ ಕೊಡೋಕೆ ಆಗುತ್ತೆ ಅಂದರೆ ಬ್ಯಾಡಗಿ ಅಂತ ಬರೆಯಿರಿ. ಆಗಲ್ಲ ಅಂದರೆ ಆ ಮಾತನ್ನು ಮುಂಭಾಗಕ್ಕೆ ತರಬೇಡಿ. ಗಿರಾಕಿಗೆ ಬಣ್ಣ ಬದಲಾಗಿದ್ದು ಗೊತ್ತಾಗುತ್ತೆ.

ಆನ್‌ಲೈನ್ ಅಂಗಡಿಗಳಲ್ಲಿ ಬೇರೆ ಚಟ್ನಿಪುಡಿಗಳ ವಿಮರ್ಶೆಗಳನ್ನೂ ಓದಿ. ಐದು ಸ್ಟಾರ್ ಬಿಡಿ, ಒಂದು ಸ್ಟಾರೂ ಬಿಡಿ. ಐದು ಕೊಟ್ಟವರು 'ಸೂಪರ್' ಅಂದು ಮುಗಿಸಿರ್ತಾರೆ, ಒಂದು ಕೊಟ್ಟವರಿಗೆ ಡೆಲಿವರಿಯವರ ಮೇಲೆ ಕೋಪ. ಎರಡು-ಮೂರು ಸ್ಟಾರ್‌ನವರೇ 'ರುಚಿ ಇದೆ, ಆದರೆ ಬೆಳ್ಳುಳ್ಳಿ ಜಾಸ್ತಿ', 'ಎರಡನೇ ವಾರಕ್ಕೆ ಕಮಟು ವಾಸನೆ' ಅಂತ ಬಿಡಿಸಿ ಹೇಳಿರ್ತಾರೆ. ಐವತ್ತು ಓದಿ, ದೂರುಗಳನ್ನು ಗುಂಪು ಮಾಡಿ ಗೀಟು ಹಾಕಿ. ಒಂದು ಮಧ್ಯಾಹ್ನದ ಕೆಲಸ.

ಹೆಜ್ಜೆ 4: ಕೇಳುವ ರೀತಿ ಬದಲಿಸಿ

ಹೆತ್ತವರಿಗೆ ಹೆಗ್ಗಣ ಮುದ್ದು. ಅದಕ್ಕೇ ಮೊದಲ ನಿಯಮ, ನಿಮ್ಮ ಪುಡಿ ಬಗ್ಗೆ ನೆಂಟರನ್ನು ಕೇಳಬೇಡಿ. ಎರಡನೆಯದು, ನೆಂಟರಲ್ಲದವರಿಗೂ 'ಹೇಗಿದೆ?' ಅಂತ ಕೇಳಬೇಡಿ. ನಮ್ಮ ಜನ ಮುಖದ ಮೇಲೆ ಇಲ್ಲ ಅನ್ನಲ್ಲ. 'ಚೆನ್ನಾಗಿದೆ ಕಣಮ್ಮ' ಅಂತ ಹೇಳಿ ಕಳಿಸ್ತಾರೆ, ಕೊಳ್ಳಲ್ಲ. ಮೂರನೆಯದು, 'ಹೀಗೊಂದು ಬಂದರೆ ತಗೋತೀರಾ?' ಅಂತಲೂ ಕೇಳಬೇಡಿ. ಮುಂದಿನ ಮಾತಿಗೆ ದುಡ್ಡು ಬೀಳಲ್ಲವಲ್ಲ, ಎಲ್ಲರೂ ಹೂಂ ಅಂತಾರೆ.

ನಡೆದುಹೋದದ್ದನ್ನು ಕೇಳಿ.

'ಅಕ್ಕಾ, ಕೊನೇ ಸಲ ಚಟ್ನಿಪುಡಿ ತಗೊಂಡಿದ್ದು ಯಾವಾಗ?'

'ಹೋದ ತಿಂಗಳು ಇರಬೇಕು. ನಮ್ಮ ಯಜಮಾನ್ರು ತಂದಿದ್ರು.'

'ಅವರೇ ಯಾಕೆ ತಂದ್ರು?'

'ನಾನು ಊರಿಗೆ ಹೋಗಿದ್ದೆ. ಅವರಿಗೆ ಪಲ್ಯ ಮಾಡ್ಕೊಳ್ಳೋಕೆ ಬರಲ್ಲ, ಅನ್ನಕ್ಕೆ ಕಲಸ್ಕೊಂಡು ತಿಂದ್ರು.'

ನೋಡಿ, ಇಲ್ಲೊಂದು ಹೊಸ ಗಿರಾಕಿ ಸಿಕ್ಕ. ರೊಟ್ಟಿ, ಮೊಸರು, ಮನೆಯಾಕೆ ಅಂತ ಚಿತ್ರ ಹಾಕಿಕೊಂಡಿದ್ದ ಸಂಘಕ್ಕೆ, ಒಬ್ಬನೇ ಇರುವ ಗಂಡಸು ಅನ್ನಕ್ಕೆ ಕಲಸಿ ತಿನ್ನೋದು ಹೊಳೆದೇ ಇರಲಿಲ್ಲ. ಇದು ಒಬ್ಬರ ಮಾತು, ಇದರ ಮೇಲೆ ಬ್ರ್ಯಾಂಡ್ ಕಟ್ಟಬೇಡಿ. ಆದರೆ ಪಿಜಿಗಳ ಹತ್ತಿರದ ಅಂಗಡಿಗಳಲ್ಲಿ ವಿಚಾರಿಸೋಕೆ ಒಂದು ಕಾರಣ ಸಿಕ್ಕಿತು.

ಕೆಲ್ಲಾಗ್ಸ್ 1994ರಲ್ಲಿ ಭಾರತಕ್ಕೆ ಬಂದಾಗಿನ ಕಥೆಯೂ ಇಂಥದ್ದೇ. ಕಾರ್ನ್‌ಫ್ಲೇಕ್ಸ್ ತಣ್ಣನೆ ಹಾಲಿಗೆ ಮಾಡಿದ ಪದಾರ್ಥ. ನಮ್ಮ ಮನೆಗಳಲ್ಲಿ ಹಾಲು ಅಂದರೆ ಕಾಯಿಸಿದ ಬಿಸಿ ಹಾಲು. ಹಾಕಿದ ಕೂಡಲೇ ಮೆತ್ತಗಾಗಿ ಗಂಜಿ. 'ಬೆಳಿಗ್ಗೆ ಹಾಲು ಹೇಗೆ ಕುಡೀತೀರಿ?' ಅನ್ನೋ ಸಾದಾ ಪ್ರಶ್ನೆಯಲ್ಲಿ ಆ ಉತ್ತರ ಇತ್ತು.

ಒಂದೇ ಪ್ರಶ್ನೆಗೆ ಹದಿನೈದು-ಇಪ್ಪತ್ತು ಜನರನ್ನು ಹೀಗೆ ಮಾತಾಡಿಸಿದರೆ ಉತ್ತರಗಳು ಮರುಕಳಿಸೋಕೆ ಶುರುವಾಗುತ್ತವೆ. ಹೊಸದು ಬರದೇ ಇದ್ದಾಗ ನಿಲ್ಲಿಸಿ. ಫೋನ್ ನಂಬರ್ ಬರೆದುಕೊಳ್ಳೋದಾದರೆ ಯಾಕೆ ಅಂತ ಹೇಳಿ, ಒಪ್ಪಿಗೆ ಕೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಹೇಳೋದೂ ಇದನ್ನೇ. ರುಚಿ ಕೇಳ್ತೀವಿ ಅಂತ ತಗೊಂಡ ನಂಬರಿಗೆ ಹಬ್ಬದ ಆಫರ್ ಕಳಿಸಬೇಡಿ.

ಹೆಜ್ಜೆ 5: ಎಣಿಸಿ, ಆದರೆ ಸಣ್ಣ ಎಣಿಕೆಗೆ ಮೋಸ ಹೋಗಬೇಡಿ

ಇಪ್ಪತ್ತು ಜನರಲ್ಲಿ ಹನ್ನೆರಡು ಜನ ಕೆಂಪು ಪ್ಯಾಕೆಟ್ ಮೆಚ್ಚಿದರು. ಕೆಂಪು ಗೆದ್ದಿತಾ? ಇಲ್ಲ. ನಾಣ್ಯ ಇಪ್ಪತ್ತು ಸಲ ಚಿಮ್ಮಿದರೂ ಹನ್ನೆರಡು ಸಲ ಒಂದೇ ಮುಖ ಬೀಳೋದು ಮಾಮೂಲು. ಒಂದು ಅಂದಾಜು ಇಟ್ಟುಕೊಳ್ಳಿ: 100 ಜನರನ್ನು ಕೇಳಿದರೆ ಬಂದ ಶೇಕಡಾವಾರು ಆ ಕಡೆ ಈ ಕಡೆ 10 ಅಂಕ ಸರಿಯಬಹುದು. 400 ಜನರನ್ನು ಕೇಳಿದರೆ 5 ಅಂಕ. ಅದೂ ಎಲ್ಲ ಬಗೆಯ ಜನರನ್ನು ಬೆರೆಸಿ ಕೇಳಿದ್ದರೆ. ಒಂದೇ ಅಪಾರ್ಟ್‌ಮೆಂಟಿನ 400 ಜನರನ್ನು ಕೇಳಿದರೆ ಗೊತ್ತಾಗೋದು ಆ ಅಪಾರ್ಟ್‌ಮೆಂಟಿನ ರುಚಿ ಮಾತ್ರ.

ರುಚಿಯ ವಿಷಯದಲ್ಲಿ ಒಂದು ಹಳೇ ಪರೀಕ್ಷೆ ಇದೆ, ಮನೆಯಲ್ಲೇ ಮಾಡಬಹುದು. ಸಂಘದವರು ಖರ್ಚು ಉಳಿಸೋಕೆ ಕೊಬ್ಬರಿ ಕಡಿಮೆ ಮಾಡಬೇಕು ಅಂತಿದ್ದಾರೆ. ಗಿರಾಕಿಗೆ ಗೊತ್ತಾಗುತ್ತಾ? ಮೂರು ಸಣ್ಣ ಬಟ್ಟಲು ತಗೊಳ್ಳಿ. ಎರಡರಲ್ಲಿ ಹಳೇ ಪುಡಿ, ಒಂದರಲ್ಲಿ ಹೊಸದು. ಕೆಲವರಿಗೆ ಇದನ್ನು ತಿರುಗಿಸಿ, ಎರಡರಲ್ಲಿ ಹೊಸದು, ಒಂದರಲ್ಲಿ ಹಳೇದು ಇಡಿ. ಜಾಗವನ್ನೂ ಅದಲುಬದಲು ಮಾಡ್ತಾ ಇರಿ. ಬಟ್ಟಲಿಗೆ ಹೆಸರು ಬೇಡ, ಮೂರಂಕಿಯ ನಂಬರ್ ಸಾಕು. ನಡುವೆ ಒಂದು ಗುಟುಕು ನೀರು. 'ಯಾವುದು ಚೆನ್ನಾಗಿದೆ' ಅಂತ ಕೇಳಬೇಡಿ, 'ಇದರಲ್ಲಿ ಬೇರೆಯದು ಯಾವುದು' ಅಂತ ಕೇಳಿ. ಸುಮ್ನೆ ಊಹಿಸಿದರೂ ಮೂವರಲ್ಲಿ ಒಬ್ಬರು ಸರಿ ಹೇಳ್ತಾರೆ. ಹಾಗಾಗಿ 12 ಜನರಲ್ಲಿ 8 ಅಥವಾ ಹೆಚ್ಚು ಜನ ಸರಿಯಾಗಿ ಗುರುತಿಸಿದರೆ ವ್ಯತ್ಯಾಸ ಗೊತ್ತಾಗುತ್ತಿದೆ ಅಂತ ಅರ್ಥ. 24 ಜನ ಇದ್ದರೆ 13. ಅದಕ್ಕಿಂತ ಕಡಿಮೆ ಬಂದರೆ ವ್ಯತ್ಯಾಸ ಇಲ್ಲವೇ ಇಲ್ಲ ಅಂತಲ್ಲ, ಇಷ್ಟು ಜನರಲ್ಲಿ ಕಾಣಿಸಲಿಲ್ಲ ಅಂತ.

ಗೊತ್ತಾಗುತ್ತೆ ಅಂತ ಬಂದರೆ ಕೊಬ್ಬರಿ ಮುಟ್ಟಬೇಡಿ. ಬೆಲೆ ಏರಿಸೋದೇ ವಾಸಿ.

ಇಷ್ಟೆಲ್ಲ ಎಣಿಸಿದರೂ ಕೇಳಿದ ಪ್ರಶ್ನೆಯೇ ತಪ್ಪಾಗಿದ್ದರೆ ಎಣಿಕೆ ಕಾಪಾಡಲ್ಲ. ಕೋಕಾಕೋಲಾ ಅಮೆರಿಕದಲ್ಲಿ 1985ರ ಏಪ್ರಿಲ್ 23ರಂದು ಹಳೇ ರುಚಿ ತೆಗೆದು ಹೊಸದು ತಂದಿತು. ಅದಕ್ಕೂ ಮುಂಚೆ ಸುಮಾರು ಎರಡು ಲಕ್ಷ ಜನಕ್ಕೆ ರುಚಿ ತೋರಿಸಿತ್ತು, ಹೆಚ್ಚಿನವರು ಹೊಸದೇ ಚೆನ್ನಾಗಿದೆ ಅಂದಿದ್ದರು. ಆದರೆ ಹಳೇದು ಇನ್ನು ಸಿಗಲ್ಲ ಅಂತ ಗೊತ್ತಾದಾಗ ಜನ ರೊಚ್ಚಿಗೆದ್ದರು. ಜುಲೈ 11ಕ್ಕೆ ಹಳೇದನ್ನು ವಾಪಸ್ ತರಬೇಕಾಯಿತು. ಎರಡು ಗುಟುಕಿನಲ್ಲಿ ಯಾವುದು ರುಚಿ ಅಂತ ಕೇಳಿದರೆ ಅಷ್ಟಕ್ಕೆ ಮಾತ್ರ ಉತ್ತರ ಸಿಗುತ್ತೆ.

ಹೆಜ್ಜೆ 6: ಸಣ್ಣದಾಗಿ ಮಾರಿ ನೋಡಿ

ಬಾಯಿಮಾತು ಮುಗಿಯಿತು, ಈಗ ದುಡ್ಡು ಕೊಟ್ಟು ಕೊಳ್ಳುವವರ ಸರದಿ. ಹಳೇ ಪೌಚಿನ ಜೊತೆ ಹೊಸ ಪೌಚ್ ಹೋಲಿಸಬೇಕು ಅನ್ನಿ. ಆರು ಅಂಗಡಿ ಆರಿಸಿ, ವ್ಯಾಪಾರ ಹೆಚ್ಚುಕಮ್ಮಿ ಒಂದೇ ಇರಲಿ. ಮೂರಕ್ಕೆ ಹಳೇದು, ಮೂರಕ್ಕೆ ಹೊಸದು, ನಾಲ್ಕು ವಾರ. ಆಮೇಲೆ ಅದಲುಬದಲು ಮಾಡಿ ಮತ್ತೆ ನಾಲ್ಕು ವಾರ. ಹೀಗೆ ಮಾಡಿದರೆ 'ಆ ಅಂಗಡಿಯವರು ಮಾತಿನಮಲ್ಲರು, ಅದಕ್ಕೇ ಹೋಯ್ತು' ಅನ್ನೋ ತಕರಾರು ಉಳಿಯಲ್ಲ. ಬೆಲೆ ಎರಡಕ್ಕೂ ಒಂದೇ ಇರಲಿ, ಇಡುವ ಜಾಗವೂ ಒಂದೇ. ಒಂದೇ ಸಲಕ್ಕೆ ಪೌಚು, ಬೆಲೆ, ಹೆಸರು ಮೂರನ್ನೂ ಬದಲಿಸಿದರೆ ಯಾವುದರಿಂದ ಏನಾಯ್ತು ಅಂತ ದೇವರಿಗೇ ಗೊತ್ತು. ದಸರಾ, ದೀಪಾವಳಿ ವಾರಗಳನ್ನು ಬಿಟ್ಟುಬಿಡಿ.

ಎಷ್ಟು ಮಾರಿತು ಅಂತ ಅಂಗಡಿಯವರನ್ನು ಕೇಳಿದರೆ ಅಂದಾಜು ಹೇಳ್ತಾರೆ. ಪ್ರತಿ ಶನಿವಾರ ನೀವೇ ಹೋಗಿ ಎಣಿಸಿ: ಹೋದ ವಾರ ಇದ್ದದ್ದು, ಜೊತೆಗೆ ಕೊಟ್ಟದ್ದು, ಅದರಲ್ಲಿ ಉಳಿದದ್ದು ಕಳೆದರೆ ಹೋದದ್ದು. ಹರಿದದ್ದು, ರಿಟರ್ನ್ ಆದದ್ದು ಬೇರೆ ಬರೆಯಿರಿ.

ಎಂಟು ವಾರದಲ್ಲಿ ಹಳೇದು 118 ಹೋಯ್ತು, ಹೊಸದು 131 ಅಂದುಕೊಳ್ಳಿ. 13 ಜಾಸ್ತಿ, ಕುಣಿಯಬಹುದಾ? ಒಂದು ಸುಲಭದ ಲೆಕ್ಕ ಇದೆ. ಎರಡನ್ನೂ ಕೂಡಿಸಿ, 249. ಅದರ ವರ್ಗಮೂಲ ಸುಮಾರು 16. ಅದನ್ನು ಎರಡರಿಂದ ಗುಣಿಸಿ, 32. ವ್ಯತ್ಯಾಸ 32ಕ್ಕಿಂತ ಹೆಚ್ಚಿದ್ದರೆ ಮಾತ್ರ ಹೊಸ ಪೌಚಿಗೆ ಶ್ರೇಯ ಕೊಡಿ. 13 ಅನ್ನೋದು ಅದೃಷ್ಟದಿಂದಲೂ ಬರಬಹುದು. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು ಇದಕ್ಕೆ. ಪೌಚ್ ಚೆಂದ ಕಾಣ್ತಿದೆ ಅಂತ ಡಿಸೈನರ್ ಎಷ್ಟೇ ಹೇಳಲಿ, ಹತ್ತು ಸಾವಿರ ಪೌಚ್ ಪ್ರಿಂಟ್ ಮಾಡಿಸೋ ಮುಂಚೆ ಈ ಲೆಕ್ಕ ಹಾಕಿ.

ದೊಡ್ಡವರೂ ಇಲ್ಲಿ ಮುಗ್ಗರಿಸಿದ್ದಾರೆ. ಅಮೆರಿಕದಲ್ಲಿ ಟ್ರಾಪಿಕಾನಾ 2009ರ ಜನವರಿಯಲ್ಲಿ ಕಿತ್ತಳೆ ರಸದ ಡಬ್ಬಿಯ ಚಿತ್ರ ಬದಲಿಸಿತು. ಹಣ್ಣಿಗೆ ಸ್ಟ್ರಾ ಚುಚ್ಚಿದ ಹಳೇ ಚಿತ್ರ ಹೋಗಿ ರಸ ತುಂಬಿದ ಲೋಟ ಬಂತು. ಒಳಗಿನ ರಸ ಅದೇ. ಎರಡು ತಿಂಗಳೊಳಗೆ ಮಾರಾಟ ಸುಮಾರು 20% ಬಿತ್ತು, ಹಳೇ ಡಬ್ಬಿಗೇ ಮರಳಿದರು. 'ಕೆಂಪು ಪ್ಯಾಕೆಟ್ಟು' ಅಂತ ಗುರುತು ಹಿಡಿಯುವ ಗಿರಾಕಿ ಅಲ್ಲೂ ಇದ್ದಾರೆ.

30 ರೂಪಾಯಿ ಪ್ಯಾಕೆಟ್ಟಿನ ಪರೀಕ್ಷೆಗೆ ಇನ್ನೊಂದು ಅಂಶ ಸೇರಿಸಿ. ಸಣ್ಣದು ಎಷ್ಟು ಹೋಯ್ತು ಅಂತಷ್ಟೇ ನೋಡಬೇಡಿ. ಸಣ್ಣದು ಕೊಂಡವರು ಆಮೇಲೆ ದೊಡ್ಡದಕ್ಕೆ ಬಂದರಾ, ಇಲ್ಲ ದೊಡ್ಡದು ಕೊಳ್ಳುತ್ತಿದ್ದವರೇ ಸಣ್ಣದಕ್ಕೆ ಇಳಿದರಾ? ಎರಡನೆಯದಾದರೆ ನಿಮಗೆ ಬರಿ ಪೌಚಿನ ಖರ್ಚು ಹೆಚ್ಚಾಯಿತು. ಇದನ್ನು ತಿಳಿಯೋಕೆ ಸಣ್ಣ ಪ್ಯಾಕೆಟ್ಟಿನ ಒಳಗೆ ದೊಡ್ಡದಕ್ಕೆ 10 ರೂಪಾಯಿ ಕಡಿತದ ಚೀಟಿ ಹಾಕಿ. ವಾಪಸ್ ಬಂದ ಚೀಟಿ ಎಣಿಸಿದರೆ ಉತ್ತರ ಸಿಕ್ಕಿತು.

ಬೆಲೆ, ಅಳತೆ ಎರಡನ್ನೂ ಒಟ್ಟಿಗೆ ಬದಲಿಸುವಾಗ ಜನ ಹೇಗೆ ಯೋಚಿಸ್ತಾರೆ ಅನ್ನೋದಕ್ಕೆ ನಂದಿನಿ ಹಾಲು ನೋಡಿ. 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ 50 ಮಿ.ಲೀ. ಹಾಲು ಜಾಸ್ತಿ ಹಾಕಿ 2 ರೂಪಾಯಿ ಏರಿಸಿದರು. ಸುದ್ದಿಯಾಗಿದ್ದು 2 ರೂಪಾಯಿ. 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿಸಿ ಹಳೇ ಅಳತೆಗೇ ಬಂದರು.

ಹೆಜ್ಜೆ 7: ಬರೆದಿಟ್ಟು ನಿರ್ಧರಿಸಿ

ಒಂದೇ ಪುಟ ಸಾಕು. ಮೇಲೆ ಪ್ರಶ್ನೆ. ಅದರ ಕೆಳಗೆ ಹೆಜ್ಜೆ 2ರಲ್ಲಿ ಬರೆದ 'ಹೀಗೆ ಬಂದರೆ ಹೀಗೆ' ವಾಕ್ಯ. ಆಮೇಲೆ ಕಂಡದ್ದು, ಕೇಳಿದ್ದು, ಎಣಿಸಿದ್ದು, ತಲಾ ಎರಡು ಸಾಲು. ಕೊನೆಗೆ ನಿರ್ಧಾರ, ತಾರೀಖು, ಇದನ್ನು ಮತ್ತೆ ಯಾವಾಗ ನೋಡ್ತೀವಿ ಅನ್ನೋದು. ಮೂರೂ ಒಂದೇ ಕಡೆ ತೋರಿಸಿದರೆ ಧೈರ್ಯವಾಗಿ ಮುಂದುವರಿಯಿರಿ. ಜನ ಹೇಳಿದ್ದು ಒಂದು, ಮಾರಾಟ ತೋರಿಸಿದ್ದು ಇನ್ನೊಂದು ಆದರೆ ನಾನು ಮಾರಾಟವನ್ನೇ ನಂಬ್ತೀನಿ. ಮಾರಾಟದ ಅಂಕಿ ಸಣ್ಣದಾಗಿ ಏನೂ ತೀರ್ಮಾನ ಆಗದಿದ್ದರೆ ಖರ್ಚು ಕಡಿಮೆ ಇರುವ, ಹಿಂದಕ್ಕೆ ಬರಲು ಸುಲಭ ಇರುವ ದಾರಿ ಹಿಡಿಯಿರಿ. ಹೆಸರು ಬದಲಿಸೋದು ಹಿಂದಕ್ಕೆ ಬರೋಕೆ ಕಷ್ಟದ ದಾರಿ. ಸ್ಟಿಕ್ಕರ್ ಬದಲಿಸೋದು ಸುಲಭ.

ಎಲ್ಲಕ್ಕೂ ಇಷ್ಟು ಕಸರತ್ತು ಬೇಡ ಅನ್ನೋದನ್ನೂ ಹೇಳಬೇಕು. ಪೌಚ್ ಸೋರುತ್ತಿದ್ದರೆ, ತಾರೀಖು ಅಳಿಸಿ ಹೋಗ್ತಿದ್ದರೆ, ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಇವತ್ತೇ ಸರಿ ಮಾಡಿ. ಸಂಶೋಧನೆ ಮಾಡ್ತಿದ್ದೀವಿ ಅಂತ ಮಾಡಬೇಕಾದ್ದನ್ನು ಮುಂದೂಡುವವರೂ ಇದ್ದಾರೆ.

ಹೊಸ ಹೆಸರೇ ಇಡೋದು ಅಂತ ತೀರ್ಮಾನವಾದರೆ, ಪ್ರಿಂಟಿಗೆ ಕೊಡುವ ಮುನ್ನ ಟ್ರೇಡ್‌ಮಾರ್ಕ್ ಇಲಾಖೆಯ ಸಾರ್ವಜನಿಕ ಹುಡುಕಾಟದಲ್ಲಿ ಆ ಹೆಸರು ನೋಡಿ. ಒಟ್ಟು 45 ವರ್ಗಗಳಿವೆ. ಮಸಾಲೆ, ಹಿಟ್ಟು, ಕಾಫಿ 30ನೇ ವರ್ಗದಲ್ಲಿ ಬರುತ್ತವೆ. ಉಪ್ಪಿನಕಾಯಿಯಂಥವು, ಹಾಲಿನ ಪದಾರ್ಥಗಳು 29ರಲ್ಲಿ. ಎರಡೂ ವರ್ಗದಲ್ಲಿ ಹುಡುಕಿ. ಬರೆಯುವಾಗ ಬೇರೆ ಇದ್ದು ಕೂಗುವಾಗ ಒಂದೇ ಥರ ಕೇಳಿಸುವ ಹೆಸರುಗಳೂ ತೊಡಕು ಮಾಡುತ್ತವೆ, ಉಚ್ಚಾರಣೆ ಹಿಡಿದು ಹುಡುಕುವ ಆಯ್ಕೆಯೂ ಅಲ್ಲೇ ಇದೆ. ಹೆಸರು ಖಾಲಿ ಇದ್ದರೆ ಅದೇ ವಾರ ಅರ್ಜಿ ಹಾಕಿ, ಆಮೇಲೆ ಪೌಚಿಗೆ ಆರ್ಡರ್ ಕೊಡಿ.